ಒಂದು ಜೀವಜಾತಿ ಎರಡಾಗುವುದು ಹೇಗೆ?

ನಮ್ಮ ಕೊಟ್ಟಿಗೆಯಲ್ಲಿ ಹಸುವೂ ಇರುತ್ತದೆ, ಎಮ್ಮೆಯೂ ಇರುತ್ತದೆ. ಎರಡೂ ಹುಲ್ಲು ತಿನ್ನುತ್ತವೆ. ಎರಡೂ ಹಾಲು ಕೊಡುತ್ತವೆ. ಆದರೆ ಹೋರಿಯಿಂದ ಎಮ್ಮೆ ಗಬ್ಬ ಆಗೋದಿಲ್ಲ. ಹಸು, ಎಮ್ಮೆ ಬೇರೆ ಬೇರೆ ಜೀವಜಾತಿ.

ನಾಟಿ ಹಸುವಿಗೆ ಜರ್ಸಿ ಸೂಜಿ ಹಾಕಿಸುತ್ತೇವೆ. ಹುಟ್ಟಿದ ಕರು ಬೆಳೆದು ತಾನೂ ಕರು ಹಾಕುತ್ತದೆ. ಬಣ್ಣ ಬೇರೆ, ಮೈಕಟ್ಟು ಬೇರೆ. ಆದರೂ ಅವು ಹಸುಗಳೇ.

ಕುದುರೆ, ಕತ್ತೆ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ. ಅದು ಚೆನ್ನಾಗಿ ಹೊರೆ ಹೊರುತ್ತದೆ. ಆದರೆ ಸಾಮಾನ್ಯವಾಗಿ ಅದಕ್ಕೆ ಮರಿ ಆಗೋದಿಲ್ಲ. ವಂಶ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕುದುರೆ, ಕತ್ತೆ ಬೇರೆ ಬೇರೆ ಜೀವಜಾತಿ.

ಕೂಡಿ ಮರಿ ಹಾಕಬೇಕು. ಆ ಮರಿಗಳಿಗೂ ಮರಿ ಆಗಬೇಕು. ಆಗ ಮಾತ್ರ ಅವು ಒಂದೇ ಜೀವಜಾತಿ.

ಹಾಗಾದರೆ ಹೊಸ ಜೀವಜಾತಿ ಹೇಗೆ ಆಗುತ್ತದೆ? ಪಶ್ಚಿಮ ಘಟ್ಟದ ಪೊದೆಗಪ್ಪೆಗಳನ್ನು ನೋಡೋಣ. ಹೆಚ್ಚಿನವು ಅಡಿಕೆಯಷ್ಟು ಚಿಕ್ಕವು. ಇವಕ್ಕೆ ತಂಪು ಬೇಕು, ತೇವ ಬೇಕು. ಘಟ್ಟದಲ್ಲಿ ನೀಲಗಿರಿ ಬೆಟ್ಟವಿದೆ. ಅದರ ದಕ್ಷಿಣಕ್ಕೆ ಆನೆಮಲೆ ಬೆಟ್ಟವಿದೆ. ನಡುವೆ ಕೇರಳದ ಪಾಲಕ್ಕಾಡ್ ಕಣಿವೆ. ಅದರ ಅಗಲ ಸುಮಾರು 30 ಕಿಲೋಮೀಟರ್. ಅದು ತಗ್ಗು ಜಾಗ, ಸೆಕೆ ಜಾಸ್ತಿ. ತಂಪು ಬೆಟ್ಟದ ಪುಟ್ಟ ಕಪ್ಪೆ ಅದನ್ನು ದಾಟೋದು ಕಷ್ಟ.

ಹೀಗೆ ದೂರವಾದ ಕಪ್ಪೆಗಳು ತಮ್ಮ ತಮ್ಮ ಬೆಟ್ಟದಲ್ಲೇ ಕೂಡಿ ಮರಿ ಮಾಡಿದವು. ಲಕ್ಷಾಂತರ ವರ್ಷ ಕಳೆಯಿತು. ಪ್ರತಿ ತಲೆಮಾರಿನಲ್ಲೂ ಸಣ್ಣ ಸಣ್ಣ ಬದಲಾವಣೆ ಸೇರುತ್ತಾ ಹೋಯಿತು. ಕೂಗು ಕೂಡ ಬೇರೆಯಾಯಿತು. ಗಂಡು ಕಪ್ಪೆ ಕೂಗಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ತನ್ನ ಬಗೆಯ ಕೂಗಿಗೇ ಓಗೊಡುತ್ತದೆ. ಕೂಗು ಹೊಂದದಿದ್ದರೆ ಹತ್ತಿರ ಹೋಗೋದಿಲ್ಲ. ಹೀಗೆ ಒಂದು ಜೀವಜಾತಿ ಎರಡಾಗುತ್ತದೆ.

2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅವರ ಜೊತೆಗಾರರೂ ಘಟ್ಟದಲ್ಲಿ 9 ಹೊಸ ಪೊದೆಗಪ್ಪೆ ಜೀವಜಾತಿಗಳನ್ನು ಗುರುತಿಸಿದರು.

ಇಲ್ಲಿ ನಿಮಗೆ ಒಂದು ಪ್ರಶ್ನೆ ಬರಬಹುದು. ನಾವೂ ನಮ್ಮ ನಮ್ಮ ಜಾತಿಯೊಳಗೇ ಮದುವೆ ಮಾಡುತ್ತೇವಲ್ಲ? ಹಾಗಾದರೆ ನಾವೂ ಬೇರೆ ಬೇರೆ ಜೀವಜಾತಿಯೇ?

ಅಲ್ಲ. ಬೇರೆ ಜಾತಿಯವರು, ಬೇರೆ ದೇಶದವರು ಮದುವೆಯಾದರೂ ಮಕ್ಕಳಾಗುತ್ತಾರೆ. ಆ ಮಕ್ಕಳಿಗೂ ಮಕ್ಕಳಾಗುತ್ತಾರೆ. ಆಸ್ಪತ್ರೆಯಲ್ಲಿ ರಕ್ತ ಕೊಡುವಾಗ ರಕ್ತದ ಗುಂಪು ನೋಡುತ್ತಾರೆ, ಜಾತಿ ನೋಡೋದಿಲ್ಲ. ಕಪ್ಪೆಗಳ ನಡುವೆ ಇರುವುದು ಕಣಿವೆ. ನಮ್ಮ ನಡುವಿನ ಜಾತಿಯ ಗೋಡೆ ಜನ ಕಟ್ಟಿದ್ದು. ಭೂಮಿಯ ಮೇಲಿನ ಮನುಷ್ಯರೆಲ್ಲ ಒಂದೇ ಜೀವಜಾತಿ.