ಹಲ್ಲಿಯ ಹೆಸರಿನ ಚಂಡಮಾರುತ

2021ರ ಮೇ ತಿಂಗಳ ಮಧ್ಯದಲ್ಲಿ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿನ ಕಡೆ ಹೋದ ಚಂಡಮಾರುತ ನೆನಪಿದೆಯೇ? ಕಾಪುವಿನ ಹತ್ತಿರ ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ ಟಗ್‌ನಿಂದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಪಾರು ಮಾಡಿದ್ದನ್ನು ಟಿ.ವಿ.ಯಲ್ಲಿ ಉಸಿರು ಬಿಗಿಹಿಡಿದು ನೋಡಿದ್ದೆವಲ್ಲ, ಅದೇ. ಅದರ ಹೆಸರು ತೌಕ್ತೆ. 'ಇದೆಂಥ ಹೆಸರು ಅಜ್ಜ? ಯಾರು ಇಟ್ಟದ್ದು?' ಎಂದು ಮೊಮ್ಮಗಳು ಕೇಳಿದಳು. ಇಟ್ಟವರು ಮ್ಯಾನ್ಮಾರ್ ದೇಶದವರು. ಅವರ ಭಾಷೆಯಲ್ಲಿ ಅದಕ್ಕೆ ಲೊಚಗುಟ್ಟುವ ಒಂದು ಜಾತಿಯ ಹಲ್ಲಿ ಎಂದು ಅರ್ಥ!

ಅರಬ್ಬಿ ಸಮುದ್ರದಲ್ಲಿ ಹುಟ್ಟಿ ನಮ್ಮ ತೆಂಗಿನ ಮರ ಉರುಳಿಸುವ ಗಾಳಿಗೆ ಮ್ಯಾನ್ಮಾರ್‌ನವರು ಏಕೆ ಹೆಸರಿಡಬೇಕು? ನಾನು ಹವಾಮಾನ ಶಾಸ್ತ್ರ ಓದಿದವನಲ್ಲ. ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ಗುಮಾಸ್ತ. ಆದರೆ ಮಗುವಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಂತೆ, ಈ ಹವಾಮಾನದವರ ಕೆಲಸಕ್ಕೂ ನಮ್ಮ ಲೆಡ್ಜರ್ ಕೆಲಸಕ್ಕೂ ಭಾರೀ ಸಂಬಂಧವಿದೆ ಎಂದು ಗೊತ್ತಾಯಿತು. ಅದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಹೆಸರಿನ ವಿಷಯ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಸುತ್ತಲಿನ 13 ದೇಶಗಳು ಸೇರಿ ಒಂದು ಮಂಡಳಿ ಮಾಡಿಕೊಂಡಿವೆ. ಬಾಂಗ್ಲಾದೇಶ, ಭಾರತ, ಇರಾನ್, ಮಾಲ್ಡೀವ್ಸ್, ಮ್ಯಾನ್ಮಾರ್, ಒಮಾನ್, ಪಾಕಿಸ್ತಾನ, ಕತಾರ್, ಸೌದಿ ಅರೇಬಿಯಾ, ಶ್ರೀಲಂಕಾ, ಥಾಯ್ಲೆಂಡ್, ಯು.ಎ.ಇ., ಯೆಮನ್. ಪ್ರತಿ ದೇಶವೂ 13 ಹೆಸರು ಕೊಟ್ಟಿದೆ. ಹದಿಮೂರು ಹದಿಮೂರಲೆ ಎಷ್ಟು? ಮಗ್ಗಿ ಬರುವವರು ಹೇಳಿ. 169 ಹೆಸರುಗಳ ಆ ಪಟ್ಟಿ 2020ರಲ್ಲಿ ಪ್ರಕಟವಾಯಿತು. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿತೆಂದರೆ, ಪಟ್ಟಿಯಲ್ಲಿ ಸರದಿ ಯಾವುದಿದೆಯೋ ಆ ಹೆಸರನ್ನು ದೆಹಲಿಯ ನಮ್ಮ ಹವಾಮಾನ ಇಲಾಖೆಯವರು ಅದಕ್ಕೆ ಇಡುತ್ತಾರೆ. ನಮ್ಮ ದೇಶ ಕೊಟ್ಟ ಹೆಸರುಗಳಲ್ಲಿ ಗತಿ, ತೇಜ್, ವ್ಯೋಮ್, ಅಂಬುದ್, ಜಲಧಿ, ಪ್ರಭಂಜನ್ ಎಲ್ಲ ಇವೆ.

ಹೆಸರು ಎಂಟು ಅಕ್ಷರ ಮೀರಬಾರದು (ಇಂಗ್ಲಿಷ್ ಸ್ಪೆಲ್ಲಿಂಗ್ ಲೆಕ್ಕ), ಯಾರ ಮನಸ್ಸನ್ನೂ ನೋಯಿಸಬಾರದು ಎಂಬ ನಿಯಮಗಳಿವೆ. ಆದರೂ ಎಡವಟ್ಟು ಆಗುತ್ತದೆ. 2013ರಲ್ಲಿ ಶ್ರೀಲಂಕಾ ಕೊಟ್ಟಿದ್ದ 'ಮಹಾಸೇನ್' ಎಂಬ ಹೆಸರಿನ ಸರದಿ ಬಂತು. ಮಹಾಸೇನ ಎಂದರೆ ಅಲ್ಲಿಯ ಹಳೆಯ ಕಾಲದ ರಾಜ, ದೊಡ್ಡ ದೊಡ್ಡ ಕೆರೆಗಳನ್ನು ಕಟ್ಟಿಸಿದ ಪುಣ್ಯಾತ್ಮ. ನಾಡಿಗೆ ನೀರು ಕೊಟ್ಟವನ ಹೆಸರನ್ನು ನಾಡು ಹಾಳುಮಾಡುವ ಗಾಳಿಗೆ ಇಡುವುದೇ ಎಂದು ಶ್ರೀಲಂಕಾದವರೇ ಸಿಟ್ಟಾದರು. ಆಮೇಲೆ ಆ ಚಂಡಮಾರುತಕ್ಕೆ 'ವಿಯಾರು' ಎಂದು ಮರುನಾಮಕರಣವಾಯಿತು.

ಇನ್ನೊಂದು ತಮಾಷೆ ಕೇಳಿ. 2021ರ ಸೆಪ್ಟೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತಕ್ಕೆ ಪಾಕಿಸ್ತಾನ ಕೊಟ್ಟ 'ಗುಲಾಬ್' ಎಂಬ ಹೆಸರು ಬಂತು. ಅದು ಆಂಧ್ರದ ಕರಾವಳಿಗೆ ಬಡಿದು, ದುರ್ಬಲವಾಗಿ, ದೇಶದ ಹೊಟ್ಟೆಯನ್ನೇ ಹಾದು ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಲ್ಲಿ ಬಿಸಿ ನೀರು ಕುಡಿದು ಮತ್ತೆ ಬಲಿಯಿತು. ಆಗ ಕತಾರ್ ಕೊಟ್ಟ 'ಶಾಹೀನ್' ಎಂಬ ಹೊಸ ಹೆಸರು ಹೊತ್ತು ಹೋಗಿ ಒಮಾನಿಗೆ ಅಪ್ಪಳಿಸಿತು. ಎಷ್ಟು ದೇಶದ ಲೆಕ್ಕಪುಸ್ತಕದಲ್ಲಿ ಅದರ ಜಮಾಖರ್ಚು ಬರೆಯಬೇಕಾಯಿತು ನೋಡಿ.

ಈ ಮಂಡಳಿ ಹುಟ್ಟಿದ್ದು ಮಾತ್ರ ತಮಾಷೆಯಿಂದಲ್ಲ. 1970ರ ನವೆಂಬರ್ 12ರ ರಾತ್ರಿ, ಆಗ ಪೂರ್ವ ಪಾಕಿಸ್ತಾನವಾಗಿದ್ದ ಈಗಿನ ಬಾಂಗ್ಲಾದೇಶದ ಭೋಲಾ ಸೀಮೆಗೆ ಚಂಡಮಾರುತ ಅಪ್ಪಳಿಸಿತು. ಸಮುದ್ರವೇ ಎದ್ದು ದ್ವೀಪಗಳ ಮೇಲೆ ನಡೆದು ಹೋಯಿತು. ಸತ್ತವರು ಕಡಿಮೆಯೆಂದರೆ ಮೂರು ಲಕ್ಷ. ನಮ್ಮ ವಯಸ್ಸಿನವರಿಗೆ ಆಗಿನ ಪತ್ರಿಕೆಗಳ ಆ ಚಿತ್ರಗಳು ಇನ್ನೂ ಕಣ್ಣಿಗೆ ಕಟ್ಟಿದಂತಿರಬಹುದು. ಗಾಳಿ ಬರುತ್ತದೆ ಎಂದು ಕೇಳಿದವರೂ ಇದ್ದರು. ಆದರೆ ಎಷ್ಟು ದೊಡ್ಡದು, ಎಲ್ಲಿಗೆ ಓಡಬೇಕು ಎಂಬುದು ಹೆಚ್ಚಿನವರಿಗೆ ತಿಳಿಯಲಿಲ್ಲ. ಆಮೇಲೆ, 1972ರಲ್ಲಿ, ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಷ್ಯಾ ಆಯೋಗದ ಆಶ್ರಯದಲ್ಲಿ ಈ ಮಂಡಳಿ ಆಯಿತು. ಈಗ ದೆಹಲಿಯ ಕೇಂದ್ರ ತನ್ನ ದೇಶಕ್ಕೆ ಮಾತ್ರವಲ್ಲ, ಉಳಿದ 12 ದೇಶಗಳಿಗೂ ಚಂಡಮಾರುತದ ಸೂಚನೆ ಕಳಿಸುತ್ತದೆ.

ಫಲ ಏನು ಅಂತೀರಾ? 1999ರ ಒಡಿಶಾ ಮಹಾಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಹೋದರು. 2019ರಲ್ಲಿ ಅದೇ ಒಡಿಶಾಕ್ಕೆ 'ಫೋನಿ' ಬಂದಾಗ ಸುಮಾರು 12 ಲಕ್ಷ ಜನರನ್ನು ಮುಂಚೆಯೇ ಬೇರೆಡೆಗೆ ಸಾಗಿಸಲಾಯಿತು. ಸತ್ತವರು 64. ಒಂದು ಜೀವವೂ ಕಡಿಮೆಯಲ್ಲ, ನಿಜ. ಆದರೂ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ನೋಡಿ.

ಇನ್ನು ಲೆಡ್ಜರಿನ ಕಥೆ. ಅಮೆರಿಕದ ನೌಕಾಪಡೆಯಲ್ಲಿ ಮ್ಯಾಥ್ಯೂ ಮೌರಿ ಎಂಬ ಅಧಿಕಾರಿ ಇದ್ದ. 1839ರಲ್ಲಿ ಕುದುರೆ ಕೋಚು ಮಗುಚಿ ಅವನ ಕಾಲು ಮುರಿಯಿತು. ಕುಂಟುವವನನ್ನು ಹಡಗು ಹತ್ತಿಸುವಂತಿಲ್ಲ, ವಾಷಿಂಗ್ಟನ್ನಿನ ನಕ್ಷೆಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಹಳೆಯ ಹಡಗುಗಳ ದಿನಚರಿ ಪುಸ್ತಕಗಳು ರಾಶಿ ಬಿದ್ದಿದ್ದವು. ಇಂಥ ದಿನ, ಇಂಥ ಕಡೆ, ಗಾಳಿ ಎತ್ತಲಿಂದ, ಪ್ರವಾಹ ಎತ್ತ ಎಂದು ನಾವಿಕರು ಬರೆದಿಟ್ಟದ್ದು. ಬೇರೆಯವರಾದರೆ ರದ್ದಿಗೆ ಹಾಕುತ್ತಿದ್ದರೇನೋ. (ನಮ್ಮಲ್ಲಿ ಹಳೆಯ ಲೆಡ್ಜರುಗಳ ಗತಿ ಏನಾಗುತ್ತಿತ್ತು ಎಂದು ನನಗೆ ಗೊತ್ತು!) ಮೌರಿ ಮಾತ್ರ ಕುಳಿತು ಒಂದೊಂದೇ ನಮೂದನ್ನು ತೆಗೆದು ಕೂಡಿಸಿ, ಸಮುದ್ರದ ಗಾಳಿಗಳ ನಕ್ಷೆ ಮಾಡಿದ. ಅದನ್ನು ಹಿಡಿದು ಹೊರಟ ಹಡಗುಗಳಿಗೆ ದೂರದ ಪ್ರಯಾಣದಲ್ಲಿ ವಾರಗಟ್ಟಲೆ ಉಳಿತಾಯವಾಯಿತು. ನಕ್ಷೆಗೆ ಅವನು ಕೇಳಿದ ಬೆಲೆ ದುಡ್ಡಲ್ಲ: ನಾನು ಕೊಟ್ಟ ನಮೂನೆಯಲ್ಲಿ ನಿನ್ನ ಪ್ರಯಾಣದ ವಿವರ ತುಂಬಿಸಿ ತಂದುಕೊಡು, ಅಷ್ಟೇ.

1853ರಲ್ಲಿ ಹತ್ತು ದೇಶಗಳವರು ಬ್ರಸೆಲ್ಸ್‌ನಲ್ಲಿ ಸೇರಿ, ಸಮುದ್ರದ ಮೇಲೆ ಎಲ್ಲರೂ ಒಂದೇ ನಮೂನೆಯಲ್ಲಿ ಹವೆಯ ಲೆಕ್ಕ ಬರೆಯೋಣ ಎಂದು ಒಪ್ಪಿದರು. ಅವರ ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ಯುದ್ಧವಾಗಿ ಒಬ್ಬರ ಹಡಗನ್ನು ಇನ್ನೊಬ್ಬರು ಸೆರೆಹಿಡಿದರೂ ಆ ಹವಾಮಾನದ ಪುಸ್ತಕವನ್ನು ಮಾತ್ರ ಪವಿತ್ರ ಎಂದು ಕಾಪಾಡಬೇಕು! ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಕೌಂಟರಿನಲ್ಲಿ ಬ್ಯಾಂಕು ಬ್ಯಾಂಕಿಗೆ ಪೈಪೋಟಿ. ಆದರೆ ಕ್ಲಿಯರಿಂಗ್ ಹೌಸಿನಲ್ಲಿ ಎಲ್ಲ ಬ್ಯಾಂಕಿನ ಗುಮಾಸ್ತರೂ ಒಂದೇ ಕೋಣೆಯಲ್ಲಿ ಕೂತು ಚೆಕ್ಕುಗಳನ್ನು ಬದಲಾಯಿಸಿಕೊಂಡು ಟ್ಯಾಲಿ ಮಾಡಲೇಬೇಕಿತ್ತು. ಮಾಡದಿದ್ದರೆ ಯಾರ ಬಾಗಿಲೂ ತೆರೆಯುವಂತಿಲ್ಲ.

ಬರೆದಿಟ್ಟದ್ದು ಸಾಲದು, ಬೇಗ ಮುಟ್ಟಿಸಬೇಕು ಎಂಬುದನ್ನು ಕಲಿಸಿದ್ದು ಮರುವರ್ಷದ ಯುದ್ಧ. 1854ರ ನವೆಂಬರ್ 14ರಂದು ಕ್ರೈಮಿಯಾದ ತೀರದಲ್ಲಿ ಬಿರುಗಾಳಿ ಬೀಸಿ ಬ್ರಿಟಿಷರ, ಫ್ರೆಂಚರ ಹಡಗುಗಳು ಮುಳುಗಿದವು. ಸೈನಿಕರ ಚಳಿಗಾಲದ ಬಟ್ಟೆ ತುಂಬಿದ ಹಡಗೂ ಹೋಯಿತು. ನೆಪ್ಚೂನ್ ಗ್ರಹ ಎಲ್ಲಿದೆ ಎಂದು ಬರೀ ಲೆಕ್ಕದಿಂದ ಹೇಳಿದ ಫ್ರಾನ್ಸಿನ ಲೆ ವೆರಿಯೆ ಊರೂರಿಗೆ ಪತ್ರ ಬರೆದು ವಿಚಾರಿಸಿದ. ಆ ಬಿರುಗಾಳಿ ಯುರೋಪನ್ನು ದಾಟಿಕೊಂಡೇ ಬಂದಿತ್ತು. ದಾರಿಯಲ್ಲಿದ್ದವರು ತಂತಿ ಕಳಿಸಿದ್ದರೆ ಹಡಗಿನವರಿಗೆ ಮೊದಲೇ ತಿಳಿಯುತ್ತಿತ್ತು. 1873ರಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಹವಾಮಾನ ಸಂಘಟನೆಗೆ ಬುನಾದಿ ಬಿತ್ತು. ನಮ್ಮ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಈಗಿನ ವಿಶ್ವ ಹವಾಮಾನ ಸಂಸ್ಥೆಯ ಒಪ್ಪಂದ ಜಾರಿಗೆ ಬಂದದ್ದು 1950ರ ಮಾರ್ಚ್ 23ರಂದು, ಅದಕ್ಕೇ ಆ ದಿನ ವಿಶ್ವ ಹವಾಮಾನ ದಿನ.

ಈ ಇತಿಹಾಸದಲ್ಲೆಲ್ಲ ನನಗೆ ಅತಿ ಹತ್ತಿರದವಳು ಐರ್ಲೆಂಡಿನ ಒಂದು ಅಂಚೆ ಕಚೇರಿಯ ಹುಡುಗಿ. ಮೌರೀನ್ ಫ್ಲಾವಿನ್ ಎಂದು ಹೆಸರು. ಬ್ಲ್ಯಾಕ್‌ಸಾಡ್ ಎಂಬ ಕಡಲ ತುದಿಯ ಊರಿನಲ್ಲಿ ಅಂಚೆ ಸಹಾಯಕಿ. ಹೊತ್ತು ಹೊತ್ತಿಗೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ನೋಡಿ ವರದಿ ಕಳಿಸುವುದೂ ಅವಳ ಕೆಲಸವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಐರ್ಲೆಂಡ್ ಯಾರ ಪಕ್ಷವೂ ಅಲ್ಲ ಎಂದಿತ್ತು. ಆದರೂ ಹವಾಮಾನದ ವರದಿಯನ್ನು ಬ್ರಿಟನ್ನಿಗೆ ಕೊಡುವುದನ್ನು ನಿಲ್ಲಿಸಿರಲಿಲ್ಲ. 1944ರ ಜೂನ್ 3, ಅವಳ 21ನೆಯ ಹುಟ್ಟುಹಬ್ಬ. ಬೆಳಗಿನ ಜಾವ ನೋಡುತ್ತಾಳೆ, ಒತ್ತಡ ಸರಸರನೆ ಇಳಿಯುತ್ತಿದೆ. ಇದ್ದದ್ದನ್ನು ಇದ್ದ ಹಾಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಇಂಗ್ಲೆಂಡಿನಿಂದ ಫೋನು, ಇನ್ನೊಮ್ಮೆ ಪರೀಕ್ಷಿಸಿ ಹೇಳಿ ಎಂದು. ಮತ್ತೆ ನೋಡಿದಳು, ಅದೇ ಅಂಕಿ. ಸಮುದ್ರ ದಾಟಿ ಫ್ರಾನ್ಸಿನಲ್ಲಿ ಇಳಿಯಲು ಲಕ್ಷಾಂತರ ಸೈನಿಕರು ಜೂನ್ 5ಕ್ಕೆ ಸಿದ್ಧರಾಗಿದ್ದರು. ಅವಳ ವರದಿ ಮತ್ತು ಇತರ ವರದಿಗಳನ್ನು ನೋಡಿ ಸೇನಾನಿ ಐಸೆನ್‌ಹೋವರ್ ಅದನ್ನು ಒಂದು ದಿನ ಮುಂದೆ ಹಾಕಿದರು. ತನ್ನ ಅಂಕಿ ಏನು ಮಾಡಿತ್ತು ಎಂದು ಅವಳಿಗೆ ಗೊತ್ತಾದದ್ದು ಹತ್ತು ವರ್ಷಗಳಿಗೂ ಮೀರಿ ಕಳೆದ ಮೇಲೆ. ನೂರು ವರ್ಷ ತುಂಬಿಸಿ 2023ರಲ್ಲಿ ತೀರಿಕೊಂಡರು. ಆ ಅಜ್ಜಿಗೆ ಗುಮಾಸ್ತರ ಪರವಾಗಿ ನನ್ನದೊಂದು ನಮಸ್ಕಾರ.

ಈಗಿನ ಕಾಲಕ್ಕೆ ಬರೋಣ. ದಿನಾ ಬೆಳಿಗ್ಗೆ ಮತ್ತು ಸಂಜೆ ನಮ್ಮ ಗಡಿಯಾರದಲ್ಲಿ ಐದೂವರೆ ಆಗುವ ಹೊತ್ತಿನ ಲೆಕ್ಕಕ್ಕೆ ಜಗತ್ತಿನ ನೂರಾರು ಕಡೆ ಏಕಕಾಲಕ್ಕೆ ಬಲೂನುಗಳು ಮೇಲೇರುತ್ತವೆ. ಮಂಗಳೂರಿನಲ್ಲೂ ಇಂಥ ಕೇಂದ್ರವಿದೆ. ಬಲೂನಿನ ಕೆಳಗೆ ತೂಗುವ ಪುಟ್ಟ ಪೆಟ್ಟಿಗೆ ಒತ್ತಡ, ತಾಪ, ತೇವಾಂಶಗಳನ್ನು ರೇಡಿಯೋದಲ್ಲಿ ಕಳಿಸುತ್ತಾ ಹೋಗಿ, ಕೊನೆಗೆ ಬಲೂನು ಒಡೆದು ಬೀಳುತ್ತದೆ. ಸಮುದ್ರದಲ್ಲಿ 'ಆರ್ಗೊ' ಎಂಬ ಸುಮಾರು ನಾಲ್ಕು ಸಾವಿರ ತೇಲುಕೊಳವೆಗಳಿವೆ. ಅವು ಒಂದು ಕಿಲೋಮೀಟರ್ ಆಳದಲ್ಲಿ ತೇಲುತ್ತಾ ಇದ್ದು, ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳಕ್ಕೆ ಇಳಿದು, ಅಲ್ಲಿಂದ ಮೇಲೇರುತ್ತಾ ನೀರಿನ ತಾಪ ಮತ್ತು ಉಪ್ಪಿನಂಶ ಅಳೆದು ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತವೆ. ಆಮೆಗಳ ಹಾಗೆ! ಭಾರತವೂ ಸೇರಿ ಹಲವು ದೇಶಗಳು ಇವನ್ನು ನೀರಿಗೆ ಬಿಟ್ಟಿವೆ. ಲೆಕ್ಕ ಮಾತ್ರ ಎಲ್ಲರಿಗೂ ಪುಕ್ಕಟೆ.

ಉಪಗ್ರಹವನ್ನೇ ಕೈಗಡ ಕೊಡುವುದೂ ಉಂಟು. ತೊಂಬತ್ತರ ದಶಕದಲ್ಲಿ ಅಮೆರಿಕದ ಹವಾಮಾನ ಉಪಗ್ರಹಗಳಿಗೆ ಕೊರತೆಯಾದಾಗ ಯುರೋಪಿನವರು ತಮ್ಮದೊಂದನ್ನು ಅತ್ತ ಸರಿಸಿ ಕೊಟ್ಟರು. 2003ರಲ್ಲಿ ಜಪಾನಿನ ಉಪಗ್ರಹ ಮುದಿಯಾದಾಗ ಅಮೆರಿಕದವರು ಒಂದನ್ನು ಕೊಟ್ಟರು. ನಮ್ಮ ಹಿಂದೂ ಮಹಾಸಾಗರದ ಮೇಲೂ ನಮ್ಮ ಇನ್ಸಾಟ್‌ಗಳ ಜೊತೆಗೆ 1998ರಿಂದ ಯುರೋಪಿನದೊಂದು ಕಣ್ಣಿಟ್ಟು ಕೂತಿದೆ. ಹಾಗೆಂದು ಎಲ್ಲರೂ ಸದಾ ಧರ್ಮರಾಯರು ಎಂದುಕೊಳ್ಳಬೇಡಿ. ಆ ದಶಕದಲ್ಲೇ ಹವಾಮಾನದ ಅಂಕಿಗಳನ್ನು ಮಾರಿ ಕಾಸು ಮಾಡೋಣ ಎಂಬ ಮಾತೂ ಎದ್ದು ಜಗಳವಾಗಿತ್ತು. 1995ರಲ್ಲಿ, ಜೀವ ಮತ್ತು ಆಸ್ತಿ ಕಾಪಾಡಲು ಅಗತ್ಯವಾದ ಮಾಹಿತಿಯನ್ನು ಉಚಿತವಾಗಿ ಹಂಚಿಕೊಳ್ಳಬೇಕೆಂದು ಎಲ್ಲರೂ ಒಪ್ಪಿದರು. ಪ್ರತಿಯೊಂದಕ್ಕೂ ಸರ್ವಿಸ್ ಚಾರ್ಜ್ ಹಾಕುವ ಈ ಕಾಲದಲ್ಲಿ ಅದು ಸಣ್ಣ ವಿಷಯವೇ?

ಲೆಕ್ಕದ ಪುಸ್ತಕವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2004ರ ಡಿಸೆಂಬರ್ 26 ಸಾಕ್ಷಿ. ಪೆಸಿಫಿಕ್ ಸಾಗರದಲ್ಲಿ ಸುನಾಮಿ ಎಚ್ಚರಿಕೆಯ ವ್ಯವಸ್ಥೆ ಇತ್ತು, ನಮ್ಮ ಸಾಗರದಲ್ಲಿ ಇರಲಿಲ್ಲ. ಸುಮಾತ್ರಾದಲ್ಲಿ ಭೂಮಿ ನಡುಗಿ ಸುಮಾರು ಎರಡು ಗಂಟೆಯ ಮೇಲೆ ನೀರು ತಮಿಳುನಾಡಿಗೆ ಬಂತು. ಎರಡು ಗಂಟೆ! ಮಗುವನ್ನು ಎತ್ತಿಕೊಂಡು ಆರಾಮಾಗಿ ನಡೆದೇ ಹೋಗಬಹುದಾಗಿದ್ದ ಸಮಯ. ಹೇಳುವವರು ಇರಲಿಲ್ಲ. ಹಿಂದೂ ಮಹಾಸಾಗರದ ಸುತ್ತ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. 2007ರಿಂದ ಹೈದರಾಬಾದಿನಲ್ಲಿ ನಮ್ಮ ಸುನಾಮಿ ಎಚ್ಚರಿಕೆ ಕೇಂದ್ರವಿದೆ. 2011ರಿಂದ ಭಾರತ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಸೇರಿ ಇಡೀ ಸಾಗರದ ಕಾವಲು ಕಾಯುತ್ತಿವೆ. ಮೀನುಗಾರರಿಗೆ ಅಲೆಯ ಎತ್ತರದ ಸೂಚನೆಯೂ ಅದೇ ಹೈದರಾಬಾದಿನ ಸಂಸ್ಥೆಯಿಂದ ಬರುತ್ತದೆ. ಕಡಲೇ ಇಲ್ಲದ ಊರಿನಿಂದ ಮಲ್ಪೆಯ ಬೋಟಿನವರಿಗೆ ಕಡಲಿನ ಸುದ್ದಿ!

ಹಡಗುಗಳಿಗಾಗಿ ಲೋಕದ ಸಮುದ್ರವನ್ನೆಲ್ಲ 21 ಪಾಲು ಮಾಡಿ, ಒಂದೊಂದು ಪಾಲಿನ ಹವಾಮಾನ ಸೂಚನೆಯ ಹೊಣೆಯನ್ನು ಒಂದೊಂದು ದೇಶಕ್ಕೆ ಒಪ್ಪಿಸಿದ್ದಾರೆ. ನಮ್ಮ ಕರಾವಳಿಯ ಮುಂದಿನ ಕಡಲು ಮತ್ತು ಬಂಗಾಳ ಕೊಲ್ಲಿ ಭಾರತದ ಪಾಲು. ಕೊಲ್ಲಿ ದೇಶಗಳತ್ತ ಹೋಗುವ ಕಡಲು ಪಾಕಿಸ್ತಾನದ ಪಾಲು. ನವಮಂಗಳೂರು ಬಂದರಿನಿಂದ ಹೊರಟು ಕೊಲ್ಲಿಯ ಕಡೆ ಹೋಗುವ ಹಡಗಿಗೆ ಮೊದಲು ಭಾರತದ ಸೂಚನೆ ಬರುತ್ತದೆ. ಆ ಗೆರೆ ದಾಟಿದ ಮೇಲೆ ಕರಾಚಿಯವರ ಸೂಚನೆ: ಗಾಳಿ ಇಷ್ಟು, ಅಲೆ ಇಷ್ಟು, ಮುಂದೆ ಹೀಗೆ ಹೀಗೆ. ಕ್ಯಾಪ್ಟನ್ ಅದನ್ನು ಓದಿ, ನಕ್ಷೆಯ ಮೇಲೆ ಗುರುತು ಹಾಕಿ, ಚುಕ್ಕಾಣಿಯವನಿಗೆ ದಿಕ್ಕು ಹೇಳುತ್ತಾನೆ.