ರೆಕಾರ್ಡು ಯಂತ್ರದ ಬೆಲೆಯೂ ಅದರ ನಾದವೂ

ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುವ ಅಭಿರುಚಿ ಈಚೆಗೆ ಮತ್ತೆ ತಲೆಯೆತ್ತಿದೆ. ಪುಣೆಯ ಜೂನಾ ಬಜಾರದಲ್ಲಿ ಬುಧವಾರ, ರವಿವಾರಗಳಂದು ರೆಕಾರ್ಡುಗಳನ್ನು ಹುಡುಕುವವರಲ್ಲಿ ತರುಣರೂ ಇದ್ದಾರೆ. ರೆಕಾರ್ಡು ಅಗ್ಗವಾಗಿ ದೊರೆತೀತು; ಅದನ್ನು ತಿರುಗಿಸುವ ಯಂತ್ರ, ಅಂದರೆ ಟರ್ನ್‌ಟೇಬಲ್, ಕೆಲವು ಸಾವಿರ ರೂಪಾಯಿಗಳಿಂದ ಹಲವು ಲಕ್ಷಗಳವರೆಗೂ ಇದೆ. ಬೆಲೆ ಏರಿದಂತೆ ನಾದವೂ ಉತ್ತಮವಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಊರಿನ ಕನ್ನಡಿಗರಿಗೆ ಇದು ಕೇವಲ ವಿಲಾಸದ ಮಾತಲ್ಲ. ಅಬ್ದುಲ್ ಕರೀಂಖಾನರು 1913ರಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದುದು ಪುಣೆಯಲ್ಲಿ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, 1953ರಿಂದ ಅವರ ಹೆಸರಿನ ಉತ್ಸವ ಇಲ್ಲಿಯೇ ನಡೆದುಬಂದಿದೆ. ಅದನ್ನು ಕಟ್ಟಿ ಬೆಳೆಸಿದ ಗದುಗಿನ ಭೀಮಸೇನ ಜೋಶಿಯವರಿಗೆ ಬಾಲ್ಯದಲ್ಲಿ ಸಂಗೀತದ ಹುಚ್ಚು ಹಿಡಿಸಿದುದು ಕರೀಂಖಾನರ ಒಂದು ರೆಕಾರ್ಡೇ. ಆ ಗುರುಶಿಷ್ಯರ ಕಂಠ ನಮಗೆ ಇಂದು ಉಳಿದಿರುವುದು ಬಹುಮಟ್ಟಿಗೆ ನಿಮಿಷಕ್ಕೆ 78 ಸುತ್ತಿನ, ಮೂರು ಚಿಲ್ಲರೆ ನಿಮಿಷಗಳ ಅರಗಿನ ತಟ್ಟೆಗಳಲ್ಲಿ.

ಯಂತ್ರಕ್ಕಿರುವ ಕೆಲಸಗಳು ಎರಡೇ: ತಟ್ಟೆಯನ್ನು ಒಂದೇ ವೇಗದಲ್ಲಿ ತಿರುಗಿಸುವುದು, ತನ್ನ ಮೋಟಾರಿನ ಗುಡುಗುಡು ಸದ್ದನ್ನು ಮುಳ್ಳಿಗೆ ತಾಗಗೊಡದಿರುವುದು. ಇವುಗಳಲ್ಲಿ ವೇಗದ ವಿಷಯ ನಮ್ಮ ಸಂಗೀತಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. ಯಂತ್ರವು ಶೇಕಡಾ ಒಂದರಷ್ಟು ಬೇಗ ತಿರುಗಿದರೆ ಎಲ್ಲ ಸ್ವರಗಳೂ ಒಟ್ಟಿಗೆ ಅಷ್ಟು ಏರುತ್ತವೆ. ಪ್ರಮಾಣಶ್ರುತಿಯ ಅಂತರ ಶೇಕಡಾ 1.25 ಆದುದರಿಂದ ಇದು ಅದಕ್ಕಿಂತಲೂ ಕಡಿಮೆ. ಸ್ವರಗಳ ಪರಸ್ಪರ ಸಂಬಂಧ ಕೆಡದ ಕಾರಣ ರಾಗಕ್ಕೆ ಬಾಧೆಯಿಲ್ಲ. ಆದರೆ ವೇಗವು ಕ್ಷಣಕ್ಷಣಕ್ಕೂ ಏರಿಳಿದರೆ ಗತಿ ಬೇರೆ. ತಂಬೂರಿಯ ಜೊತೆ ನಿಂತ ಷಡ್ಜವು ತೇಲಾಡತೊಡಗುತ್ತದೆ. ಕಿರಾಣಾ ಘರಾಣೆಯ ಗಾಯನದಲ್ಲಿ ಸ್ವರದ ನಿಲುವೇ ಪ್ರಾಣವಾಗಿರುವಾಗ ಈ ದೋಷ ಮುಚ್ಚಿಡುವಂಥದಲ್ಲ. ಬ್ಯಾಂಡಿನ ಗದ್ದಲದಲ್ಲಿ ಕಿವಿಗೆ ಬೀಳದ ಅಲುಗಾಟವನ್ನು ಒಂದು ದೀರ್ಘ ಗಾಂಧಾರ ಬಯಲಿಗೆಳೆಯುತ್ತದೆ. ತೀರ ಅಗ್ಗದ ಯಂತ್ರಗಳು ಸೋಲುವುದು ಇಲ್ಲಿಯೇ. ಪೆಟ್ಟಿಗೆಯಾಕಾರದ ಅಗ್ಗದ ಆಟಿಕೆಗಳಲ್ಲಿ ಇನ್ನೊಂದು ಕೇಡೂ ಉಂಟು: ಒಳ್ಳೆಯ ಮುಳ್ಳು ತಟ್ಟೆಯ ಮೇಲೆ ಎರಡು ಗ್ರಾಮಿನಷ್ಟು ಭಾರ ಹೇರಿದರೆ, ಇವು ಐದಾರು ಗ್ರಾಮು ಹೇರಿ ಲಾಂಗ್‌ಪ್ಲೇ ತಟ್ಟೆಗಳ ಗೆರೆಗಳನ್ನು ಸವೆಸುತ್ತವೆ.

ಆದುದರಿಂದ ಸ್ವಲ್ಪ ಹೆಚ್ಚು ಹಣ ತೆರುವುದು ನ್ಯಾಯವೇ. ಆದರೆ ಈ ನ್ಯಾಯ ಬಹುದೂರ ನಡೆಯದು. 1979ರಲ್ಲಿ ಬಂದ ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಎಂಕೆ2 ಯಂತ್ರದ ವೇಗದ ಏರಿಳಿತ ಶೇಕಡಾ 0.025 ಮಾತ್ರವೆಂದು ಅದರ ಪ್ರಕಟಿತ ವಿವರ ಹೇಳುತ್ತದೆ. ಈಗ ತಟ್ಟೆಯ ಕಡೆ ನೋಡೋಣ. ಅದರ ನಡುವಣ ರಂಧ್ರ ಅರ್ಧ ಮಿಲಿಮೀಟರು ಸರಿದಿದ್ದರೆ, ಕೇಂದ್ರದಿಂದ 100 ಮಿಲಿಮೀಟರು ದೂರದ ಗೆರೆಯಲ್ಲಿ ಸ್ವರವು ಪ್ರತಿ ಸುತ್ತಿಗೂ ಶೇಕಡಾ ಅರ್ಧದಷ್ಟು ಮೇಲೂ ಅಷ್ಟೇ ಕೆಳಗೂ ಓಡಾಡುತ್ತದೆ. ಯಂತ್ರದ ದೋಷಕ್ಕಿಂತ ಇದು ಇಪ್ಪತ್ತು ಪಟ್ಟು. ಲಕ್ಷಗಟ್ಟಲೆ ರೂಪಾಯಿ ಸುರಿದರೂ ಸಾಮಾನ್ಯವಾಗಿ ಇದು ಸರಿಹೋಗುವುದಿಲ್ಲ.

ದುಬಾರಿ ಯಂತ್ರದಲ್ಲಿ ಏನೋ ಜೀವಕಳೆ ಕೇಳಿಸುತ್ತದೆಂದು ವಾದಿಸುವ ರಸಿಕರಿದ್ದಾರೆ, ಅವರು ಸುಳ್ಳಾಡುತ್ತಿದ್ದಾರೆಂದಲ್ಲ. ಆದರೆ ಎರಡು ಯಂತ್ರಗಳಿಗೂ ಒಂದೇ ಬಗೆಯ ಮುಳ್ಳನ್ನು ತೊಡಿಸಿ, ಧ್ವನಿಯ ಮಟ್ಟವನ್ನು ಅಳೆದು ಸರಿಸಮ ಮಾಡಿ, ಪರದೆಯ ಹಿಂದಿರಿಸಿ ಕೇಳಿದ ಹೊರತು ಆ ವಾದಕ್ಕೆ ಪ್ರಮಾಣವಿಲ್ಲ. ತುಸು ಗಟ್ಟಿಯಾಗಿ ನುಡಿದುದೇ ಕಿವಿಗೆ ಇಂಪೆನಿಸುವುದು ಪರೀಕ್ಷಕರಿಗೆಲ್ಲ ತಿಳಿದ ಸಂಗತಿ. ಬೆಲೆಯ ಚೀಟಿ ಕಣ್ಣೆದುರಿಗಿದ್ದರೆ ಕೇಳುವುದೇ ಬೇಡ!

ನಮ್ಮ ಹಳೆಯ ತಟ್ಟೆಗಳ ವಿಷಯದಲ್ಲಂತೂ ಬೆಲೆಯ ಲೆಕ್ಕ ತಲೆಕೆಳಗಾಗುತ್ತದೆ. ಅತಿ ದುಬಾರಿಯಾದ ಎಷ್ಟೋ ಯಂತ್ರಗಳಲ್ಲಿ 78ರ ವೇಗವೇ ಇರುವುದಿಲ್ಲ. ಇದ್ದರೂ ಮುಳ್ಳು ಹೊಂದಬೇಕು. ಲಾಂಗ್‌ಪ್ಲೇ ತಟ್ಟೆಯ ಸಾಮಾನ್ಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. ಅರಗಿನ ತಟ್ಟೆಗೆ ಬೇಕಾದುದು 65ರಿಂದ 75 ಮೈಕ್ರಾನ್. ಸಣ್ಣ ಮುಳ್ಳು ಅಗಲವಾದ ಗೆರೆಯ ತಳಕ್ಕಿಳಿದು, ಅಲ್ಲಿನ ಧೂಳನ್ನೂ ಕಸವನ್ನೂ ಓದುತ್ತದೆ. ಹಾಡು ಗೆರೆಯ ಗೋಡೆಗಳಲ್ಲಿದೆ. ಸಾಧಾರಣ ಯಂತ್ರವೊಂದಕ್ಕೆ ತಕ್ಕ ಮುಳ್ಳನ್ನು ತೊಡಿಸಿದರೆ ಬರುವ ಲಾಭ ಯಂತ್ರವನ್ನೇ ಬದಲಿಸಿದರೂ ಬಾರದು.

ಎರಡನೆಯದಾಗಿ, ವೇಗವನ್ನು ಹೆಚ್ಚು ಕಡಿಮೆ ಮಾಡುವ ಅನುಕೂಲ ಬೇಕು. "78" ಎಂದು ಕರೆಯಲಾಗುವ ಆರಂಭಕಾಲದ ತಟ್ಟೆಗಳೆಲ್ಲ ಅದೇ ವೇಗದಲ್ಲಿ ಮುದ್ರಿತವಾದುವಲ್ಲ. 74 ಸುತ್ತಿನಲ್ಲಿ ಮುದ್ರಿಸಿದುದನ್ನು 78ರಲ್ಲಿ ನುಡಿಸಿದರೆ ಷಡ್ಜವು ಹೆಚ್ಚುಕಡಿಮೆ ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಏರುತ್ತದೆ, ಲಯವೂ ಚುರುಕಾಗುತ್ತದೆ. ಇಂಥ ಗಾಯಕರ ಆಧಾರಶ್ರುತಿ ಇದಾಗಿತ್ತು, ಅವರ ಕಂಠ ಇಷ್ಟು ಎತ್ತರದ್ದಾಗಿತ್ತು ಎಂದು ರೆಕಾರ್ಡಿನ ಬಲದಿಂದ ಬರೆಯುವ ಸಂಶೋಧಕನು ಇದನ್ನು ಮರೆತರೆ, ಇತಿಹಾಸದಲ್ಲಿ ಇಲ್ಲದ ಕಂಠವೊಂದನ್ನು ಸೃಷ್ಟಿಸಿದಂತಾಗುತ್ತದೆ. ಹಾಡಿನ ಹಿಂದೆ ಹಾರ್ಮೋನಿಯಂ ಕೇಳಿಸುವಲ್ಲಿ, ಅದರ ಸ್ವರ ಎರಡು ಮನೆಗಳ ನಡುವೆ ಬಿದ್ದರೆ ವೇಗ ತಪ್ಪಿರಬಹುದೆಂದು ಊಹಿಸಬಹುದು. ಸರಿಯಾಗಿ ಒಂದು ಮನೆಯಷ್ಟೇ ತಪ್ಪಿದ್ದಲ್ಲಿ ಹಾರ್ಮೋನಿಯಮ್ಮೂ ಸುಳಿವು ಕೊಡಲಾರದು.