ಡಿಗ್ರಿ ಕೈಯಲ್ಲಿದೆ, ಬೋರ್ಡು ಹಾಕುವಂತಿಲ್ಲ!

ಚಾಮರಾಜನಗರ: ಅಂಗಡಿ ಬಾಡಿಗೆಗೆ ಹಿಡಿದಾಯ್ತು, ಸರಕು ತುಂಬಿಸಿದ್ದಾಯ್ತು, ಲೈಸೆನ್ಸ್ ಮಾತ್ರ ಬಂದಿಲ್ಲ. ಷಟರ್ ಎತ್ತುವ ಹಾಗಿಲ್ಲ. ಈ ಸಂಕಟ ಏನೆಂದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಷ್ಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್ ಎಂದು ದೂರದ ದೇಶಕ್ಕೆ ಹೋಗಿ ಡಾಕ್ಟರಿಕೆ ಓದಿ ಬಂದವರ ಪಾಡೂ ಇದೇ. ಮನೆಯವರು ‘ನಮ್ಮ ಹುಡುಗ ಡಾಕ್ಟ್ರು’ ಅಂತ ಬೀದಿಗೆಲ್ಲ ಹೇಳಿಕೊಂಡಾಗಿರುತ್ತದೆ. ನೆಂಟರು ಬಿಡುತ್ತಾರೆಯೇ? ‘ಯಾವಾಗಪ್ಪ ಬೋರ್ಡು ಹಾಕೋದು?’

ಬೋರ್ಡಿಗೆ ಮುಂಚೆ ಒಂದು ಗೇಟು ಇದೆ. ಹೆಸರು ಎಫ್.ಎಂ.ಜಿ.ಇ. ಹೊರದೇಶದ ಬಹುತೇಕ ಡಿಗ್ರಿಗಳಿಗೆ 2002ರ ಮಾರ್ಚ್ 15ರಿಂದ ಇದು ಕಡ್ಡಾಯ. ವರ್ಷಕ್ಕೆ ಎರಡು ಸುತ್ತು, ಜೂನ್ ಒಂದು, ಡಿಸೆಂಬರ್ ಒಂದು. 300 ಪ್ರಶ್ನೆ, 300 ನಿಮಿಷ. ಪ್ರಶ್ನೆಗೆ ನಿಮಿಷ ಒಂದು. 150 ಬಂದರೆ ಪಾಸು, 149 ಬಂದರೆ ಮನೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಅರ್ಧಕ್ಕರ್ಧ ತೆಗೆದರೆ ಸಾಕಲ್ಲ, ಇದೇನು ಮಹಾ ಅನ್ನಬೇಡಿ. 2023ರ ಜೂನ್ ಸುತ್ತಿನಲ್ಲಿ ಪಾಸಾದವರು ಹತ್ತರಲ್ಲಿ ಒಬ್ಬರಷ್ಟೇ.

ಎಡವುವುದು ಎಲ್ಲಿ? ಬಹಳ ಮಂದಿ ಬುಡದಲ್ಲೇ. 300ರಲ್ಲಿ 100 ಪ್ರಶ್ನೆ ಮೂಲ ಪಾಠದವು. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ತಲಾ 17, ರೋಗಶಾಸ್ತ್ರ, ಸೂಕ್ಷ್ಮಾಣು, ಔಷಧಶಾಸ್ತ್ರ ತಲಾ 13, ನ್ಯಾಯವೈದ್ಯಕ್ಕೆ 10. ಇವನ್ನೆಲ್ಲ ಓದಿದ್ದು ಹೊರದೇಶದ ಮೊದಲ ವರ್ಷಗಳಲ್ಲಿ, ಅಲ್ಲಿನ ಚಳಿಯಲ್ಲಿ, ಅಲ್ಲಿನ ಉಚ್ಚಾರಣೆಯಲ್ಲಿ. ಊರಿಗೆ ಬರುವ ಹೊತ್ತಿಗೆ ಮುಕ್ಕಾಲು ಭಾಗ ಮರೆತಿರುತ್ತದೆ. ಆಮೇಲೆ ಉರು ಹೊಡೆಯುವುದು ಶುರು. ಕೋಚಿಂಗಿನವರು ಮಾರುವುದೂ ಹೆಚ್ಚಾಗಿ ಅದನ್ನೇ: ಚುಟುಕು ಸೂತ್ರ, ಬಣ್ಣದ ಪಟ್ಟಿ, ‘ಇಷ್ಟು ಬಾಯಿಪಾಠ ಮಾಡಿ ಸಾಕು’. ಸಾಕಾಗುವುದಿಲ್ಲ ಸ್ವಾಮಿ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಬಾಯಿಪಾಠ ಕೈಕೊಡುತ್ತದೆ.

ತಮಾಷೆ ಅಂದರೆ, ಈ ಮೂಲ ಪಾಠಕ್ಕೆ ನಮ್ಮ ಜಿಲ್ಲೆಯಷ್ಟು ದೊಡ್ಡ ಪುಸ್ತಕ ಇನ್ನೊಂದಿಲ್ಲ. ತಮಾಷೆ ಅನ್ನುವುದೂ ತಪ್ಪೇ. ಆ ಪುಟಗಳಲ್ಲಿ ಹೆಣಗಳಿವೆ.

ಸುಳ್ವಾಡಿಯನ್ನೇ ತೆಗೆದುಕೊಳ್ಳಿ. 2018ರ ಡಿಸೆಂಬರ್ 14, ಕಿಚ್‌ಗುತ್ ಮಾರಮ್ಮನ ಗುಡಿ. ಪ್ರಸಾದಕ್ಕೆ ಬೆರೆಸಿದ್ದು ಹೊಲಕ್ಕೆ ಹೊಡೆಯುವ ಕೀಟನಾಶಕ. ಸತ್ತವರು 17 ಮಂದಿ, ಆಸ್ಪತ್ರೆ ಸೇರಿದವರು ನೂರಕ್ಕೂ ಹೆಚ್ಚು. ಆ ವಿಷ ಮಾಡುವ ಕೆಲಸ ಏನು? ನರದ ತುದಿಯಿಂದ ‘ಅಸಿಟೈಲ್‌ಕೋಲಿನ್’ ಅನ್ನುವ ರಸ ಸುದ್ದಿ ತಲುಪಿಸುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಗುಡಿಸಿಹಾಕಲು ಒಂದು ಕಿಣ್ವ ಇದೆ. ಆರ್ಗನೋಫಾಸ್ಫೇಟ್ ಜಾತಿಯ ವಿಷ ಆ ಜಾಡಮಾಲಿಯ ಕೈ ಕಟ್ಟಿಹಾಕುತ್ತದೆ. ರಸ ರಾಶಿ ಬೀಳುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಎದೆಗೂಡಿನೊಳಗೆ ನೀರು ಕಟ್ಟಿ ಉಸಿರು ನಿಲ್ಲುತ್ತದೆ.

ಮದ್ದು ಅಟ್ರೋಪಿನ್. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಎಲ್ಲಿಯವರೆಗೆ ಕೊಡಬೇಕು? ಪಾಪೆ ಅರಳುವವರೆಗೆ ಅಂದವನು ಫೇಲು. ಎದೆ ಒಣಗಿ ಉಸಿರು ಸಲೀಸಾಗುವವರೆಗೆ ಅಂದವನು ಪಾಸು. ಕೈಕಾಲು, ಉಸಿರಾಟದ ಸ್ನಾಯು ಸೋತಿದ್ದರೆ ಅಟ್ರೋಪಿನ್ ಏನೂ ಮಾಡದು, ಆ ಬಾಗಿಲಿನ ಕೀಲಿಯೇ ಬೇರೆ. ಅಲ್ಲಿಗೆ ಉಸಿರಿನ ಯಂತ್ರವೇ ಬೇಕಾಗಬಹುದು. ಹೂವು, ತರಕಾರಿ ಬೆಳೆದು ಔಷಧಿ ಹೊಡೆಯುವ ಗುಂಡ್ಲುಪೇಟೆ ಕಡೆಯ ಹುಡುಗನಿಗೆ ಇದು ಪರೀಕ್ಷೆಯ ಪ್ರಶ್ನೆ ಮಾತ್ರ ಅಲ್ಲ.

ಇನ್ನೊಂದು ಪುಟ, 2021ರ ಮೇ 2ರ ರಾತ್ರಿ. ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ, ಬೆಳಗಾಗುವಷ್ಟರಲ್ಲಿ 24 ಮಂದಿ ಹೋದ ಸುದ್ದಿ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಆ ದಿನಗಳಲ್ಲಿ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಮನೆಮನೆಗೂ ಬಂತು. 95ರ ಮೇಲೆ ಇದ್ದರೆ ಸರಿ. 90 ಅಂದರೆ? ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 90 ಬಂದರೆ ಸಿಹಿ ಹಂಚುತ್ತೇವೆ. ಬೆರಳಿನ 90 ಆ ಲೆಕ್ಕದ್ದಲ್ಲ.

ರಕ್ತದ ಹಿಮೋಗ್ಲೋಬಿನ್ ಅನ್ನು ನಾಲ್ಕೇ ಸೀಟಿನ ಗಾಡಿ ಎಂದುಕೊಳ್ಳಿ. ಮೊದಲ ಸೀಟಿಗೆ ಆಕ್ಸಿಜನ್ ಹತ್ತಿಸುವುದು ಕಷ್ಟ. ಒಬ್ಬ ಕೂತನೆಂದರೆ ಮಿಕ್ಕವರು ಸರಸರನೆ ಏರುತ್ತಾರೆ. ಇಳಿಯುವಾಗಲೂ ಹಾಗೇ ಸರಸರನೆ. ಆದ್ದರಿಂದ ಹಿಮೋಗ್ಲೋಬಿನ್ನಿನ ಗೆರೆ ನೇರ ಏರುವುದಿಲ್ಲ, ಬೆಟ್ಟದ ಹಾಗೆ ಬಾಗುತ್ತದೆ. ಮೇಲೆ ಸಮತಟ್ಟು. ರಕ್ತದಲ್ಲಿ ಆಕ್ಸಿಜನ್ನಿನ ಒತ್ತಡ 100ರಿಂದ 60ಕ್ಕೆ ಇಳಿದರೂ ಬೆರಳಿನ ಅಂಕಿ 90ರ ಹತ್ತಿರವೇ ನಿಂತಿರುತ್ತದೆ. ಅಲ್ಲಿಂದಾಚೆ ಘಾಟಿ ಇಳಿಜಾರು. ಒತ್ತಡ ಇನ್ನು ಸ್ವಲ್ಪ ಇಳಿದರೂ ಅಂಕಿ ದಡದಡನೆ ಉರುಳುತ್ತದೆ. 90 ಎಂದರೆ ಘಾಟಿಯ ಅಂಚು. ಈ ಒಂದು ಗೆರೆಯನ್ನು ಅರ್ಥ ಮಾಡಿಕೊಂಡವನು ಶರೀರಕ್ರಿಯೆಯ ನಾಲ್ಕಾರು ಪ್ರಶ್ನೆ ಬಿಡಿಸಬಲ್ಲ. ವಾರ್ಡಿನಲ್ಲಿ ನರ್ಸಮ್ಮ ಬಂದು ‘ತೊಂಬತ್ತಕ್ಕೆ ಬಂತು ಸಾರ್’ ಅಂದಾಗ ಎದ್ದು ಓಡುವವನೂ ಅವನೇ.

ಬಿಳಿಗಿರಿರಂಗನ ಬೆಟ್ಟದ ಪುಟವೂ ಉಂಟು. ಸೋಲಿಗರಲ್ಲಿ ಕೆಲವರಿಗೆ ಕುಡುಗೋಲು ಕಣದ ರಕ್ತಹೀನತೆ ಬರುತ್ತದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿ ಅದರ ಹಿಂದೆ ಬಿದ್ದು ಕೆಲಸ ಮಾಡಿದೆ. ಹಿಮೋಗ್ಲೋಬಿನ್ನಿನ ಒಂದು ಸರದಲ್ಲಿ 146 ಮಣಿ. ಆರನೆಯ ಮಣಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಆಗಿರುತ್ತದೆ, ಅಷ್ಟೇ. ಆಕ್ಸಿಜನ್ ಕಡಿಮೆಯಾದಾಗ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಕ್ಕೆ ಅಡ್ಡ ಸಿಕ್ಕಿಕೊಂಡು ತಡೆಯಲಾರದ ನೋವು. ತಾಯಿ ತಂದೆ ಇಬ್ಬರಲ್ಲೂ ಅರೆಪಾಲು ಇದ್ದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ರೋಗ ಬರುವ ಸಂಭವ. ಜೀವರಸಾಯನ ಬೋರು ಅನ್ನುವವರು ಒಮ್ಮೆ ಬೆಟ್ಟ ಹತ್ತಿ ಬರಲಿ.

ಹೊರದೇಶಕ್ಕೆ ಹೋಗಿ ಓದಿದ್ದೇ ತಪ್ಪು ಎಂದು ಮೂಗು ಮುರಿಯುವವರಿದ್ದಾರೆ. ಇಲ್ಲಿ ಸರ್ಕಾರಿ ಸೀಟು ಎಷ್ಟು ಮಂದಿಗೆ ಸಿಗುತ್ತದೆ? ನಗರದ ಮೆಡಿಕಲ್ ಕಾಲೇಜು ಬಾಗಿಲು ತೆರೆದದ್ದೇ 2016ರಲ್ಲಿ, 150 ಸೀಟಿಗೆ. ಖಾಸಗಿ ಕಾಲೇಜಿನ ಫೀಜು ಕೇಳಿದರೆ ಹೊಲ ಮಾರಿದರೂ ಸಾಲದು. ಹಾವೇರಿ ಜಿಲ್ಲೆಯ ನವೀನ್ ಉಕ್ರೇನಿಗೆ ಡಾಕ್ಟರಿಕೆ ಓದಲು ಹೋಗಿದ್ದ ಹುಡುಗ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ. ಹೋದವರನ್ನು ಹಂಗಿಸುವುದು ಬೇಡ.

ಹಾಗಂತ ಗೇಟು ತೆಗೆದುಬಿಡಿ ಅನ್ನುವುದೂ ಸಲ್ಲದು. ಅಟ್ರೋಪಿನ್ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವನ ಕೈಗೆ ನಾಡಿ ಕೊಡಲು ಯಾರು ತಯಾರು? ನೋಂದಣಿ ಇಲ್ಲದೆ ಚೀಟಿ ಬರೆದರೆ 2019ರ ಕಾಯ್ದೆ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಓದಿದವರಿಗೂ ಹೊರಗೆ ಓದಿದವರಿಗೂ ‘ನೆಕ್ಸ್ಟ್’ ಎಂಬ ಒಂದೇ ಪರೀಕ್ಷೆ ಎಂದು ಅದೇ ಕಾಯ್ದೆ ಹೇಳಿದೆ. 2023ರಲ್ಲಿ ಅದನ್ನು ಮುಂದಕ್ಕೆ ಹಾಕಿದರು.

ಅಂದಹಾಗೆ ನೆಂಟರಿಗೆ ಒಂದು ಮಾತು. ಎಫ್.ಎಂ.ಜಿ.ಇ. ಪಾಸಾದ ದಿನವೇ ಬೋರ್ಡು ಏಳುವುದಿಲ್ಲ. ಮೊದಲು ತಾತ್ಕಾಲಿಕ ನೋಂದಣಿ, ಆಮೇಲೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಅದಾದ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನ ಕಾಯಂ ನಂಬರು. ಪಾಸಾದ ಮೇಲೂ ವರ್ಷ ಒಂದಾದರೂ ಹಿಡಿಯುತ್ತದೆ.